ಬದುಕಿದ್ದ ಮರಕ್ಕೊಂದು ಮರಣಪತ್ರ

ಬಲ್ಗೇರಿಯಾದ ನಮ್ಮ ಪುಟ್ಟ ಊರು ಸೆವ್ಲಿಯೆವೊದಲ್ಲಿ ನನ್ನ ಅಪ್ಪಣೆಯಿಲ್ಲದೆ ಯಾರೂ ಪೂರ್ತಿ ಸಾಯುತ್ತಿರಲಿಲ್ಲ. ಊರಿನ ಮರಣಪತ್ರಗಳನ್ನೆಲ್ಲ ಅಚ್ಚು ಹಾಕುತ್ತಿದ್ದವನು ನಾನೇ, ಮೆತೋದಿ. ಬಾಗಿಲು, ದೀಪದ ಕಂಬ, ಬಸ್ ನಿಲ್ದಾಣ, ಎಲ್ಲಿ ನೋಡಿದರೂ ನನ್ನ ಕಪ್ಪು ಅಂಚಿನ ಹಾಳೆಗಳೇ: ಮೇಲೆ ಫೋಟೋ, ನಡುವೆ ನಾಲ್ಕು ಒಳ್ಳೆಯ ಮಾತು, ಕೆಳಗೆ ದುಃಖತಪ್ತರ ಹೆಸರು. ನನ್ನ ಶಾಯಿ ಎಷ್ಟು ಕಪ್ಪೆಂದರೆ ಕಾಗೆಗಳು ಬಂದು ನೋಡಿ ನಾಚಿಕೊಂಡು ಹೋಗುತ್ತಿದ್ದವು.

ಆ ವರ್ಷ ನಮ್ಮ ವಠಾರದ ಅಂಗಳದ ಲಿಂಡನ್ ಮರ ಕಡಿದು ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ಮೇಲಿನ ಮನೆಯ ಸ್ತಾಮೆನ್ ಹಟ ಹಿಡಿದ. ಭಾನುವಾರ ಮರದ ಕೆಳಗೇ ಸಭೆ, ಕೈಯೆತ್ತಿ ತೀರ್ಮಾನ. ಜೂನಿನಲ್ಲಿ ಆ ಮರ ಹೂಬಿಟ್ಟರೆ ರುಮೇನಿಯಾದ ಜೇನುನೊಣಗಳು ಡ್ಯಾನ್ಯೂಬ್ ನದಿ ದಾಟಿ ಬರುತ್ತಿದ್ದವು. ನನ್ನ ಹೆಂಡತಿ ತ್ಸೊಂಕಾ ಬದುಕಿದ್ದಾಗ ಮದುವೆಯ ಬಿಳಿ ಚಾದರ ಹಾಸಿ ಆ ಹೂ ಒಣಗಿಸಿ, ಚಳಿಗಾಲವಿಡೀ ಮನೆಮನೆಗೂ ಕಷಾಯ ಕಳಿಸುತ್ತಿದ್ದಳು. ಅವಳು ಹೋದಮೇಲೆ ಜೂನ್ ಬಂದರೆ ನಾನು ಕಿಟಕಿ ಮುಚ್ಚುತ್ತಲೇ ಇರಲಿಲ್ಲ. ಮರ ಹೋಗಿದ್ದರೆ ಅವಳು ಎರಡನೆಯ ಸಲ ಹೋಗುತ್ತಿದ್ದಳು.

ತಂಗಿಯ ಮಗಳು ನೆವೆನಾ ರಾಜಧಾನಿ ಸೋಫಿಯಾದಲ್ಲಿ ವಿನ್ಯಾಸ ಕಲಿಯುತ್ತಿದ್ದಳು. ವಿಷಯ ಕೇಳಿ ಓಡಿಬಂದಳು.

"ಮಾವ, ಭಾಷಣ ಬಿಗಿದ್ರೆ ಯಾರ್ ಕೇಳ್ತಾರೆ? ಮುಂದೆ ಆಗೋದನ್ನ ಈಗ್ಲೇ ಕಣ್ಣಿಗೆ ಬೀಳೋ ಹಾಗೆ ಮಾಡ್ಬೇಕು. ಆಗ ಜನ ಬೇರೆ ಥರ ಯೋಚಿಸ್ತಾರೆ. ನಾವು ಕಲಿಯೋ ವಿನ್ಯಾಸ ಅಂದ್ರೆ ಅದೇ."

"ಕುರ್ಚಿ ಕಾಲು ಸೊಟ್ಟ ಮಾಡೋದು ಅಂದ್ಕೊಂಡಿದ್ನಲ್ಲೇ!"

ಅವಳು ಬರೆದದ್ದು ಮರದ ಮರಣಪತ್ರ. ತಾರೀಖು ಮಾತ್ರ ಹತ್ತು ವರ್ಷ ಮುಂದಿನದು. "ನಮ್ಮ ಲಿಂಡನ್ ಅಗಲಿ ಇಂದಿಗೆ ಹತ್ತು ವರ್ಷ. ಅಂದಿನಿಂದ ಅಂಗಳದಲ್ಲಿ ನೆರಳಿಲ್ಲ, ಕೆಮ್ಮಿದವರಿಗೆ ಕಷಾಯವಿಲ್ಲ, ಕೂತು ಹರಟಲು ಯಾರೂ ಇಳಿದು ಬರುವುದಿಲ್ಲ." ದುಃಖತಪ್ತರ ಜಾಗ ಖಾಲಿ.

"ಖಾಲೀನೇ ಇರ್ಲಿ ಮಾವ. ಓದಿದೋರು ತಮ್ಮ ಹೆಸರು ತಾವೇ ತುಂಬಿಕೊಳ್ಳಲಿ."

ಖಾಲಿ ಬಿಟ್ಟರೆ ನಾನೆಂಥ ಅಚ್ಚಿನವನು? ಅವಳು ಅತ್ತ ಹೋದದ್ದೇ ತಡ, ದಪ್ಪಕ್ಷರದಲ್ಲಿ ಸ್ತಾಮೆನ್‌ನ ಹೆಸರು ಕೂರಿಸಿಬಿಟ್ಟೆ. ಊರಿಡೀ ಅಂಟಿಸಿದೆ. ಚಂದ್ರನಿಗೆ ಏಣಿ ಸಿಕ್ಕಿದ್ದರೆ ಅಲ್ಲಿಗೂ ಒಂದು ಅಂಟಿಸುತ್ತಿದ್ದೆ.

ಮರುದಿನ ಸ್ತಾಮೆನ್ ಕೆಂಪಗಾಗಿ ಬಂದ. "ಏ ಮೆತೋದಿ! ಸಿಕ್ಕಸಿಕ್ಕವರೆಲ್ಲ ಕೈ ಹಿಡ್ಕೊಂಡು ಸಮಾಧಾನ ಹೇಳ್ತಿದ್ದಾರೆ. ಕಟುಕ ಅಂತೂ ಸಾಸೇಜ್ ಪುಕ್ಕಟೆ ಕೊಟ್ಟ!"

"ಲಾಭವೇ ಆಯ್ತಲ್ಲೋ."

"ಎಲ್ಲಾ ಹರಿದುಹಾಕ್ತೀನಿ ನೋಡ್ತಿರು!"

"ಹರಿ. ಮರಣಪತ್ರ ಹರಿದ ಕೈ ಬಿದ್ದುಹೋಗುತ್ತಂತೆ. ನಿಮ್ಮಮ್ಮನೇ ಹೇಳ್ತಿದ್ರು."

ಅವನು ಹರಿಯಲಿಲ್ಲ.

ಭಾನುವಾರ ಸಭೆ ಇನ್ನೇನು ಶುರುವಾಗಬೇಕು, ಹಳ್ಳಿಯ ಬಸ್ಸಿನಿಂದ ಅವನ ತಾಯಿ ಯೊರ್ದಾನಜ್ಜಿ ಇಳಿದರು. ಮೈತುಂಬ ಕಪ್ಪು ಬಟ್ಟೆ, ಕಂಕುಳಲ್ಲಿ ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಅಕ್ರೋಟು ಬೆರೆಸಿ ಬೇಯಿಸಿದ ಗೋಧಿಯ ಪಾತ್ರೆ, ಕೈಯಲ್ಲಿ ವೈನ್ ಬಾಟಲಿ. ಮರಣಪತ್ರದ ದುಃಖತಪ್ತರಲ್ಲಿ ಮಗನ ಹೆಸರಿದೆಯೆಂದು ಯಾರೋ ಫೋನು ಮಾಡಿದ್ದರಂತೆ. ಸತ್ತವರು ಯಾರೆಂದು ಅಜ್ಜಿ ಕೇಳಿರಲಿಲ್ಲ. ಅವರ ಹಳ್ಳಿಯಲ್ಲಿ ಮೊದಲು ಗೋಧಿ ಬೇಯಬೇಕು, ಪ್ರಶ್ನೆ ಆಮೇಲೆ.

"ಯಾರಪ್ಪಾ ಹೋಗಿದ್ದು?"

"ಯಾರೂ ಇಲ್ಲಮ್ಮ. ಈ ಮರವಂತೆ. ಅದೂ ಇನ್ನೂ ಸತ್ತಿಲ್ಲ."

"ಮತ್ತೆ ನಿನ್ ಹೆಸರ್ಯಾಕೆ?"

"ಕಡಿಸ್ಬೇಕು ಅಂತಿದ್ದೀನಿ."

ಅಜ್ಜಿ ತಲೆಯೆತ್ತಿ ಕೊಂಬೆಗಳನ್ನು ನೋಡಿದರು. "ಚಿಕ್ಕೋನಿದ್ದಾಗ ನಿಂಗೆ ನಾಯಿಕೆಮ್ಮು. ತ್ಸೊಂಕಾ ತಿಂಗಳುಗಟ್ಟಲೆ ಕಷಾಯ ತಂದುಕೊಟ್ಲು, ಇದೇ ಮರದ್ದು. ಇರ್ಲಿ. ಗೋಧಿ ಬೆಂದಾಗಿದೆ, ವಾಪಸ್ ಒಯ್ಯೋ ಹಾಗಿಲ್ಲ."

ಬುಡಕ್ಕೆ ವೈನ್ ಸುರಿದರು. ಒಬ್ಬೊಬ್ಬರ ಅಂಗೈಗೂ ಒಂದೊಂದು ಚಮಚ ಗೋಧಿ ಹಾಕಿದರು. ಸತ್ತವರಿಗಾಗಿ ಹೇಳುವ ರೂಢಿಯಂತೆ ಎಲ್ಲರೂ "ದೇವರು ಕ್ಷಮಿಸಲಿ" ಎಂದರು. ಬಾಯಿತುಂಬ ಗೋಧಿ ತುಂಬಿಕೊಂಡು ಸ್ತಾಮೆನ್‌ನೂ ಅಂದ.

"ತಿಥಿ ಊಟ ಆಯ್ತು," ಎಂದರು ಅಜ್ಜಿ. "ಈಗ ಕೊಲ್ಲೋರು ಕೈ ಎತ್ರಪ್ಪ."

ಬಲ್ಗೇರಿಯಾದ ಚರಿತ್ರೆಯಲ್ಲೇ ಅಂಗೈಯ ಗೋಧಿಯನ್ನು ಯಾರೂ ಅಷ್ಟು ಶ್ರದ್ಧೆಯಿಂದ ನೆಕ್ಕಿರಲಿಲ್ಲ. ಸ್ತಾಮೆನ್‌ನ ಕೈ ಅರ್ಧದವರೆಗೆ ಬಂತು, ಮೀಸೆಗೆ ಅಂಟಿದ ಸಕ್ಕರೆ ಒರೆಸಿಕೊಂಡು ಕೆಳಗಿಳಿಯಿತು. ನೆವೆನಾ ನನ್ನ ಪಕ್ಕೆಗೆ ತಿವಿದಳು. "ಖಾಲಿ ಬಿಡು ಅಂದಿದ್ನಲ್ಲ ಮಾವ!" ಅವಳ ಕಣ್ಣು ಒದ್ದೆಯಾಗಿತ್ತು.

ಆ ಹಾಳೆಯ ತಾರೀಖು ಈ ಜೂನಿನಲ್ಲಿ ಬಂದೇಬಿಟ್ಟಿತು. ಯೊರ್ದಾನಜ್ಜಿ ಈಗಿಲ್ಲ. ಅವರ ಮರಣಪತ್ರಕ್ಕೆ ನನ್ನ ಅತ್ಯಂತ ಕಪ್ಪು ಶಾಯಿ ಬಳಸಿದೆ. ಹಾಳೆಯ ತಾರೀಖಿನಂದು ಬೀದಿಯಲ್ಲೇ ಕಾರು ನಿಲ್ಲಿಸಿ ಸ್ತಾಮೆನ್ ತಾನೇ ಬೇಯಿಸಿದ ಗೋಧಿಯನ್ನು ಮರದ ಕೆಳಗೆ ತಂದ. ಅರೆಬೆಂದಿತ್ತು, ಹಲ್ಲು ಮುರಿಯುವಷ್ಟು. ನೆವೆನಾ ಹಳೆಯ ಹಾಳೆಯನ್ನು ಗಟ್ಟಿಯಾಗಿ ಓದಿದಳು. ನಾನು ಅಚ್ಚು ಹಾಕಿದ ಸಾವುಗಳಲ್ಲಿ ಸುಳ್ಳಾದದ್ದು ಅದೊಂದೇ. ತಲೆಯ ಮೇಲೆ ಜೇನುನೊಣಗಳು ಗುಂಯ್‌ಗುಟ್ಟುತ್ತಿದ್ದವು.

"ಮೆತೋದಿ," ಎಂದ ಸ್ತಾಮೆನ್, ಕೊಂಬೆಯೊಂದನ್ನು ಬಗ್ಗಿಸಿ ಮೂಸುತ್ತಾ. "ಹೂ ಕೊಯ್ಯೋ ಹೊತ್ತಾಯ್ತು. ತ್ಸೊಂಕಕ್ಕನ ಆ ಚಾದರ ಎಲ್ಲಿಟ್ಟಿದ್ದೀಯ?"