ಸೂಪಿನಲ್ಲಿ ಬಿದ್ದ ನೊಣ

ಜಪಾನಿನ ನಗಾನೊದಲ್ಲಿ ಹಿರಿಯರಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಅಂದಿನ ಪಾಠದ ಹೋಟೆಲ್ ಆಟದಲ್ಲಿ ಸೂಪಿನಲ್ಲಿ ನೊಣ ಸಿಕ್ಕ ಗಿರಾಕಿ ರೇಗಾಡಬೇಕಿತ್ತು.

ಗಿರಾಕಿಯಾದ ಹಿಸಾಯೊ ಅಜ್ಜಿ ತಲೆಬಾಗಿ, "ಕ್ಷಮಿಸಿ, ನಿಮ್ಮ ನೊಣ ನನ್ನ ಸೂಪಲ್ಲಿದೆ" ಎಂದರು.

ಹೋಟೆಲಿನವರಾದ ತೊಕುಜೊ ಇನ್ನೂ ಬಾಗಿ, "ಅಯ್ಯೋ, ತಪ್ಪು ನಂದೇ" ಎಂದರು.

"ಇಲ್ಲಪ್ಪ, ನಾನೇ ನಿಧಾನಕ್ಕೆ ಕುಡಿದೆ."

ಬಾಗಿ ಬಾಗಿ ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

"ಬೈಯ್ರಿ ಅಜ್ಜಿ, ಬೈಯ್ರಿ!" ಎಂದು ನಾನು ಕಿರುಚಿದೆ. ಇಬ್ಬರೂ ನನ್ನ ಕ್ಷಮೆ ಕೇಳಿದರು.

ಪಾಠ ಮುಗಿದ ಮೇಲೆ ಎಂದಿನಂತೆ ಹೆಸರಿಲ್ಲದ ಅಭಿಪ್ರಾಯದ ಚೀಟಿಗಳು ಬಂದವು. ಒಂದರ ಎರಡೂ ಬದಿಗೆ ಇಂಗ್ಲಿಷಿನಲ್ಲೇ ದೂರು: ಮೇಷ್ಟ್ರು ಕಿರುಚುತ್ತಾರೆ, ಕುರ್ಚಿ ಕಲ್ಲಿನಂತಿದೆ, ಚಹಾ ಆರಿತ್ತು, ಇಂಥ ಅವಮಾನ ಹುಟ್ಟಿದಾಗಿನಿಂದ ಕಂಡಿಲ್ಲ!

ಭಾಷೆಯಲ್ಲಿ ಒಂದೂ ತಪ್ಪಿಲ್ಲ. ನೂರಕ್ಕೆ ನೂರು ಕೊಡೋಣವೆಂದರೆ ಹೆಸರೇ ಇಲ್ಲ.