ಮಾಳಮಡ್ಡಿಯಿಂದ ಬಂದ ಚಾದರ

ಬಿಬಿಜಾನ ನಾಯಿಮರಿಗೆ ಮುಂಗಡ ತೆಗೆದುಕೊಳ್ಳುತ್ತಿರಲಿಲ್ಲ. ಅವಳ ಮಾವ ಫಕ್ರುಸಾಬನ ಕಾಲದಿಂದಲೂ ಹುಬ್ಬಳ್ಳಿಯ ಬೆಂಗೇರಿಯ ಆ ಮನೆಯಲ್ಲಿ ಮುಂಗಡದ ಬದಲು ಅರಿವೆ ಇಸಿದುಕೊಳ್ಳುವ ಪದ್ಧತಿ. ಮರಿ ಗೊತ್ತುಮಾಡಿದವರು ತಮ್ಮ ಮನೆಯಲ್ಲಿ ದಿನಾ ಬಳಸಿದ ಒಂದು ಹಳೆಯ ಬಟ್ಟೆ ತಂದುಕೊಡಬೇಕು. ಹರಿದ ಲುಂಗಿ, ಮಾಸಿದ ಟಾವೆಲ್, ಮುದುಕಿಯ ಸೀರೆಯ ತುಂಡು, ಏನಾದರೂ ಸರಿ. ಅದನ್ನು ಮರಿಗಳ ಕೆಳಗೆ ಹಾಸುತ್ತಾರೆ. ಹದಿನೈದು ದಿನ ಅದರ ಮೇಲೆ ಮಲಗಿದ ಮರಿ ಹೊಸ ಮನೆಗೆ ಹೋದಾಗ ಅಳುವುದಿಲ್ಲ. ಆ ಮನೆಯ ವಾಸನೆ ಅದಕ್ಕೆ ಆಗಲೇ ಗುರುತಾಗಿರುತ್ತದೆ. ಒಮ್ಮೆ ಹಾಸಿದ ಅರಿವೆಯನ್ನು ಮರಿ ಹೋಗುವತನಕ ತೆಗೆಯುವಂತಿಲ್ಲ. ಆ ಮರಿಯನ್ನು ಎಷ್ಟು ಕೊಡುತ್ತೇನೆಂದರೂ ಮತ್ತೊಬ್ಬರಿಗೆ ಕೊಡುವಂತಿಲ್ಲ. ಕಾಗದವಿಲ್ಲ, ಸಹಿಯಿಲ್ಲ. ಅರಿವೆ ಬಂತೆಂದರೆ ಮಾತು ಬಂದಂತೆ.

ಮುಂದೆ ಗಂಡ ಯಾಕೂಬಸಾಬನ ಮೋಟರ್‌ಸೈಕಲ್ ಗ್ಯಾರೇಜು, ನಡುವೆ ಎರಡು ಖೋಲಿಯ ಮನೆ, ಹಿತ್ತಿಲಲ್ಲಿ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಚಾಂದಿ. ಫಕ್ರುಸಾಬ ಒಂದು ಕಾಲದಲ್ಲಿ ಮುಧೋಳದಿಂದ ಲಾರಿಯ ಮೇಲೆ ತಂದ ನಾಯಿಯ ಮೊಮ್ಮಗಳ ಮಗಳು. ಉದ್ದ ಮೂತಿ, ಒಳಸರಿದ ಹೊಟ್ಟೆ, ಓಡಿದರೆ ಕಣ್ಣಿಗೆ ಸಿಗದ ಕಾಲು. ಎಂಟು ವರ್ಷದ ಚಾಂದಿಗೆ ಇದೇ ಕೊನೆಯ ಹೆರಿಗೆ, ಮತ್ತೊಮ್ಮೆ ಹಡೆಸಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ಮರಿಗಳಾದವು. ಮೂರು ಗಂಡು ಮಾರುವುದಕ್ಕೆ. ಒಂದೇ ಹೆಣ್ಣು. ಕಣ್ಣಿನ ಸುತ್ತ ಸುರಮಾ ತೀಡಿದಂಥ ಕಪ್ಪು ಗೆರೆ ಇದ್ದುದಕ್ಕೆ ಅದು ಸುರಮಿ. ಸುರಮಿಯನ್ನು ಮಾರುವ ಮಾತೇ ಇರಲಿಲ್ಲ. ಅದು ಉಳಿದರೆ ಫಕ್ರುಸಾಬನ ಆ ಸಂತತಿ ಉಳಿದೀತು, ಹೋದರೆ ಅಲ್ಲಿಗೆ ಮುಗಿದುಹೋದೀತು.

ನಾಯಿ ಸಾಕಿದ ಮನೆಯಲ್ಲಿ ನೀರು ಕುಡಿಯಲು ಹಿಂಜರಿಯುವ ಬಂಧುಗಳು ಬಿಬಿಜಾನಳಿಗೆ ಬೇಕಾದಷ್ಟಿದ್ದರು. ಅವಳು ಶೆಡ್ಡಿನ ಸೀರೆ ಬೇರೆ ಇಟ್ಟಿದ್ದಳು, ನಮಾಜಿನ ಹೊತ್ತಿಗೆ ಮಿಂದು ಬಟ್ಟೆ ಬದಲಿಸುತ್ತಿದ್ದಳು. ಅಷ್ಟಾದರೂ ಆಡಿಕೊಂಡ ನಾದಿನಿಗೆ ಒಮ್ಮೆ ಮದುವೆ ಪಂಕ್ತಿಯಲ್ಲೇ ಹೇಳಿದ್ದಳು: "ನನ್ನ ಎರಡೂ ಹೆಣ್ಣಮಕ್ಕಳ ಲಗ್ನ ಈ ನಾಯಿನ ಮಾಡ್ಯಾವವಾ. ನೀವು ಯಾರೂ ಬಂದು ಮಾಡಲಿಲ್ಲ." ನಾದಿನಿ ಬಿರ್ಯಾನಿಯ ಕಡೆ ತಿರುಗಿದ್ದಳು.

ಮರಿಗಳಿಗೆ ಒಂದು ತಿಂಗಳಾಗುವ ಹೊತ್ತಿಗೆ ಮೂರೂ ಗಂಡು ಗೊತ್ತಾದವು. ಒಂದನ್ನು ಮುಗದದ ರೈತ ಗಿರಿಯಪ್ಪ ಹೊಲ ಕಾಯಲು ಕೇಳಿದ, ತನ್ನ ಹಳೆಯ ಧೋತರ ಕೊಟ್ಟ. ಇನ್ನೊಂದನ್ನು ಹುಬ್ಬಳ್ಳಿಯವನೇ ಒಬ್ಬ ಗುತ್ತಿಗೆದಾರ ಹೇಳಿಹೋದ, ಬನಿಯನ್ನು ಕೊಟ್ಟ. ಮೂರನೆಯದಕ್ಕೆ ಧಾರವಾಡದ ಮಾಳಮಡ್ಡಿಯಿಂದ ಕಾರು ಬಂತು. ಹತ್ತಿ ವ್ಯಾಪಾರಿ ಶಂಭುಲಿಂಗ ಮತ್ತು ಅವನ ಹೆಂಡತಿ ವಾಣಿಶ್ರೀ. ವಾಣಿಶ್ರೀ ಮರಿಯನ್ನು ಎದೆಗೆ ಅವುಚಿಕೊಂಡು ಹತ್ತಾರು ಫೋಟೋ ತೆಗೆಸಿಕೊಂಡಳು. ಬಿಬಿಜಾನ ತಂದ ಚಹಾ ಕಪ್ಪು ಗ್ಯಾರೇಜಿನ ಸ್ಟೂಲಿನ ಮೇಲೆ ಕೆನೆಗಟ್ಟಿತು. ಇವತ್ತು ಸೋಮವಾರ, ಉಪವಾಸ ಎಂದರು. ಅರಿವೆಯ ಪದ್ಧತಿ ಕೇಳಿ ಶಂಭುಲಿಂಗನಿಗೆ ಖುಷಿಯಾಯಿತು. ಮುಂಗಡ ಕೊಡದೆ ಮರಿ ಕಾಯ್ದಿರಿಸುವುದು ಯಾವ ವ್ಯಾಪಾರಿಗೆ ಖುಷಿ ಕೊಡುವುದಿಲ್ಲ.

ಮರುದಿನ ಅವರ ಡ್ರೈವರ್ ದ್ಯಾಮಣ್ಣ ಒಂದು ದಪ್ಪನೆಯ ಚಾದರ ತಂದುಕೊಟ್ಟ. ಒಗೆದು ಇಸ್ತ್ರಿ ಮಾಡಿದ ಚಾದರ. ಒಗೆದದ್ದರಲ್ಲಿ ಮನೆಯ ವಾಸನೆ ಎಲ್ಲಿರುತ್ತದೆ ಎಂದು ಬಿಬಿಜಾನ ನಕ್ಕಳು. ದೊಡ್ಡವರು, ಮಾಸಿದ್ದು ಕೊಡಲು ನಾಚಿಕೊಂಡಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡು ಹಾಸಿದಳು. ಧೋತರ, ಬನಿಯನ್ನು ಬಿಟ್ಟು ನಾಲ್ಕೂ ಮರಿಗಳು ಆ ಮೆತ್ತನೆಯ ಚಾದರದ ಮೇಲೆಯೇ ಗುಂಪಾಗಿ ಮಲಗತೊಡಗಿದವು.

ಐದನೆಯ ದಿನ ದೊಡ್ಡ ಗಂಡುಮರಿ ಹಾಲು ಬಿಟ್ಟಿತು. ಸಂಜೆಯ ಹೊತ್ತಿಗೆ ವಾಂತಿ. ರೋಗ ತಡೆಯುವ ಮೊದಲ ಇಂಜೆಕ್ಷನ್ನಿಗೆ ಇನ್ನೂ ಒಂದು ವಾರವಿತ್ತು.

ಡಾಕ್ಟರು ಮರಿಯ ಹೊಟ್ಟೆ ಒತ್ತಿ ನೋಡಿದರು. ಜಂತುಹುಳ ಇರಬಹುದು, ಎಳೆಯ ಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ಅಂಟುರೋಗವೂ ಇರಬಹುದು. ತಪಾಸಣೆಯ ಕಿಟ್ಟು ಮುಗಿದಿತ್ತು, ಬೆಳಗಾವಿಯಿಂದ ಬರಲು ಎರಡು ದಿನ. ಜಂತಾದರೆ ಒಂದು ಔಷಧ ಸಾಕು. ಪಾರ್ವೊ ಆದರೆ ಆ ಔಷಧ ಕೊಡುವುದೇ ತಪ್ಪು, ನಾಲ್ಕೂ ಮರಿಗಳನ್ನು ಆ ಕ್ಷಣವೇ ಬೇರೆ ಮಾಡಿ ಸಲೈನ್ ಹಚ್ಚಬೇಕು, ಹಾಸಿದ್ದನ್ನೆಲ್ಲ ಸುಡಬೇಕು. ಹೊರಗಿನ ನಾಯಿ ಯಾವುದಾದರೂ ಬಂದಿತ್ತೇ ಎಂದು ಕೇಳಿದರು. ಇಲ್ಲ, ಆದರೆ ಅರಿವೆ ಬಂದಿದ್ದವು ಎಂದಳು ಬಿಬಿಜಾನ. ಆ ರೋಗ ಬಟ್ಟೆಗೆ ಹತ್ತಿಯೂ ಬರುತ್ತದೆ, ಸಾದಾ ಸೋಪಿಗೆ ಸಾಯುವುದಿಲ್ಲ, ಆ ಮನೆಗಳಲ್ಲಿ ಮರಿ ಸತ್ತಿದೆಯೇ ಕೇಳು ಎಂದರು ಡಾಕ್ಟರು.

ಅವಳು ಅಲ್ಲಿಯೇ ನಿಂತು ಮೂವರಿಗೂ ಫೋನು ಹಚ್ಚಿದಳು. ಗಿರಿಯಪ್ಪನ ಮನೆಯಲ್ಲಿ ಒಂದು ಮುದಿ ನಾಯಿ, ಗಟ್ಟಿಮುಟ್ಟಾಗಿದೆ. ಗುತ್ತಿಗೆದಾರನ ಮನೆಯಲ್ಲಿ ನಾಯಿ ಇದ್ದದ್ದೇ ಇಲ್ಲ. ಶಂಭುಲಿಂಗ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟ, ತಮ್ಮ ಮನೆಯಲ್ಲಿ ಇದೇ ಮೊದಲ ಮರಿ ಎಂದ. ಬಿಬಿಜಾನ ಆ ಮಾತನ್ನು ಹಾಗೆಯೇ ಡಾಕ್ಟರಿಗೆ ಮುಟ್ಟಿಸಿದಳು. ಡಾಕ್ಟರು ಜಂತಿನ ಔಷಧ ಕೊಟ್ಟರು. ಚಾದರ ಇದ್ದಲ್ಲಿಯೇ ಇತ್ತು. ಸಂಶಯಪಟ್ಟು ತೆಗೆದರೆ ಮಾತು ಮುರಿದಂತೆ ಎಂದು ಅವಳು ತೆಗೆಯಲಿಲ್ಲ. ಅಷ್ಟೇ ಅಲ್ಲ, ನಡುಗುತ್ತಿದ್ದ ಮರಿಗೆ ಅದನ್ನೇ ಹೊದಿಸಿದಳು.

ಮರುದಿನ ಮಧ್ಯಾಹ್ನ ಆ ಮರಿ ರಕ್ತ ಭೇದಿಯಾಗಿ ಸತ್ತಿತು. ಎರಡನೆಯ ಗಂಡು ತಲೆ ಎತ್ತುತ್ತಿರಲಿಲ್ಲ. ಸುರಮಿ ನೀರಿನ ಬಟ್ಟಲಿನ ಮೇಲೆ ಮೂತಿ ಇಟ್ಟುಕೊಂಡು ಕುಡಿಯದೆ ನಿಂತಿತ್ತು.

ಬಿಬಿಜಾನ ಮಾಳಮಡ್ಡಿಯ ಬಸ್ಸು ಹತ್ತಿದಳು. ಫೋನಿನಲ್ಲಿ ಶಂಭುಲಿಂಗನ ಉತ್ತರ ತೀರ ಲಗೂನ ಬಂದಿತ್ತು ಎಂಬುದು ಅವಳಿಗೆ ಹೊಳೆದದ್ದು ಸತ್ತ ಮರಿಯನ್ನು ಹೂಳುವಾಗ. ಯಾಕೂಬಸಾಬ ತಡೆದ. ಅಂಥವರ ಬಾಗಿಲಿಗೆ ಹೋಗಿ ಕೇಳಿದರೆ ಅವರು ಹೇಳುತ್ತಾರೆಯೇ ಎಂದ. ಎದುರಿಗೆ ನಿಂತು ಕೇಳಿದರೆ ಹೇಳುತ್ತಾರೆ ಎಂದು ಅವಳು ನಂಬಿದ್ದಳು.

ಶಂಭುಲಿಂಗ ಗೇಟು ತೆರೆಯಲಿಲ್ಲ. ಸರಳುಗಳ ಆಚೆ ನಿಂತ. ವಾಣಿಶ್ರೀ ಮೆಟ್ಟಿಲ ಮೇಲೆ.

"ಸಾವಕಾರ್ರ, ಜಗಳಕ್ಕ ಬಂದಿಲ್ರಿ ನಾ. ಒಂದ ಮಾತ ಬೇಕಾಗೇತಿ. ನಿಮ್ಮ ಮನ್ಯಾಗ ಮೊದಲ ಯಾವುದರ ಮರಿ ಸತ್ತಿತ್ತೇನ್ರಿ? ಹೌದಂದ್ರ ಡಾಕ್ಟರ್ ಈಗಿಂದೀಗ ಬ್ಯಾರೆ ಔಷಧ ಚಾಲೂ ಮಾಡ್ತಾರ. ಇನ್ನೂ ಮೂರು ಜೀವಂತ ಅದಾವರಿ."

"ಫೋನಿನ್ಯಾಗ ಹೇಳಿದ್ನಲ್ಲ."

"ಇನ್ನೊಮ್ಮೆ ಹೇಳ್ರಿ. ನನ್ನ ಮಾರಿ ನೋಡಿ ಹೇಳ್ರಿ."

ಶಂಭುಲಿಂಗ ಹೆಂಡತಿಯ ಕಡೆ ನೋಡಿದ. ವಾಣಿಶ್ರೀ ಅಲ್ಲಿಂದಲೇ, ಮೆತ್ತಗೆ, ಹೊಲಸು ಜಾಗದಲ್ಲಿ ಸಾಕಿದರೆ ರೋಗ ಬರದೆ ಇರುತ್ತದೆಯೇ, ಅದನ್ನು ನಮ್ಮ ಮೇಲೆ ಯಾಕೆ ಹಾಕುತ್ತಾಳೆ ಎಂದಳು. ಅದು ಬಿಬಿಜಾನಳಿಗೆ ಹೇಳಿದ್ದಲ್ಲ, ಗಂಡನಿಗೆ ಹೇಳಿದ್ದು. ಬಿಬಿಜಾನ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

"ನಮಗ ಮರಿ ಬ್ಯಾಡವಾ," ಎಂದ ಶಂಭುಲಿಂಗ. "ಬ್ಯಾರೆ ಕಡೆ ನೋಡ್ತೇವಿ. ಆ ಚಾದರ ನೀನ ಇಟ್ಕೊ."

ಮಾತಿಗೆ ತಪ್ಪುವುದು ಎಷ್ಟು ಸುಲಭ. ಒಂದು ಚಾದರ ಬಿಟ್ಟುಕೊಟ್ಟರೆ ದಾನ ಮಾಡಿದ ಹೆಮ್ಮೆಯೂ ಸಿಗುತ್ತದೆ. ಗೇಟಿನ ಒಳಗಿದ್ದವನ ಸುಳ್ಳಿಗೆ ಈ ಊರಿನಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಹೊರಗೆ ನಿಂತವಳ ಸತ್ಯ ಮಾತ್ರ ತನ್ನ ಹೊಲಸನ್ನು ತೊಳೆದುಕೊಂಡು ಬರಬೇಕು.

ಬಸ್‌ಸ್ಟಾಪಿನ ಹತ್ತಿರ ಯಾರೋ ಹಿಂದಿನಿಂದ ಅಕ್ಕಾ ಎಂದು ಕರೆದರು. ದ್ಯಾಮಣ್ಣ. ಏದುಸಿರು ಬಿಡುತ್ತಿದ್ದ.

"ಸತ್ತೈತಿ ಅಕ್ಕಾ. ಎರಡು ತಿಂಗಳ ಹಿಂದ. ಆ ಚಾದರದ ಮ್ಯಾಲನ. ನಾನ ಹೂಳಿ ಬಂದೇನಿ." ಆಮೇಲೆ ನೆಲ ನೋಡುತ್ತ, "ಒಗದರ ಹೋಗ್ತೈತಿ ಅಂದ್ರು ವಾಣಿಶ್ರೀ ಬಾಯಾರು. ನನಗೂ ಹಂಗ ಅನಿಸ್ತು," ಎಂದ.

ಅವಳು ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಹಾಸಿದ್ದನ್ನೆಲ್ಲ ಸುಡಲು ಯಾಕೂಬಸಾಬನಿಗೂ ಹೇಳಿದಳು. ಬೆಂಗೇರಿ ಮುಟ್ಟುವಷ್ಟರಲ್ಲಿ ಎರಡನೆಯ ಮರಿ ಹೋಗಿತ್ತು. ಮೂರನೆಯದು ಸಲೈನ್ ಹಚ್ಚಿಸಿಕೊಂಡು ಒಂದು ದಿನ ತಡೆದು ಹೋಯಿತು. ಸುರಮಿಯ ಮುಂಗಾಲಿನ ನರ ಸೂಜಿಗೆ ಸಿಗುತ್ತಿರಲಿಲ್ಲ; ಡಾಕ್ಟರು ಮೂರು ಸಲ ಚುಚ್ಚಿ ನಾಲ್ಕನೆಯ ಸಲಕ್ಕೆ ಹಿಡಿದರು. ಬಿಬಿಜಾನ ಒಂದು ವಾರ ಗ್ಯಾರೇಜಿನ ಮೂಲೆಯಲ್ಲಿ ಅದರ ಪಕ್ಕ ಕೂತಳು, ಚಮಚೆಯಲ್ಲಿ ನೀರು ಬಿಟ್ಟಳು, ಭೇದಿ ಒರೆಸಿದಳು. ಶೆಡ್ಡಿನಲ್ಲಿ ಚಾಂದಿ ಖಾಲಿ ನೆಲ ಮೂಸುತ್ತ ತಿರುಗುತ್ತಿತ್ತು. ಮೊಲೆ ಬಿಗಿದು ಬಾತಿದ್ದವು.

ಆ ವಾರದಲ್ಲಿಯೇ ಹುಬ್ಬಳ್ಳಿ-ಧಾರವಾಡದ ನಾಯಿ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಶಂಭುಲಿಂಗನ ಸಂದೇಶ ಬಂತು. ಬೆಂಗೇರಿಯ ಸಾಬರ ಮನೆಯ ಮರಿಗಳಿಗೆ ರೋಗ, ಸ್ವಚ್ಛತೆ ಇಲ್ಲ, ಯಾರೂ ಕೊಳ್ಳಬೇಡಿ, ನಾವು ಕೂದಲೆಳೆಯಲ್ಲಿ ಪಾರಾದೆವು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಯಾಕೂಬಸಾಬ ಡ್ರೈವರ್ ಹೇಳಿದ್ದನ್ನು ಬರೆದು ಹಾಕಿದ. ಅರ್ಧ ತಾಸಿನಲ್ಲಿ ಅವನನ್ನು ಗುಂಪಿನಿಂದ ತೆಗೆದರು.

ಚಾಂದಿಯ ಮರಿ ಇಲ್ಲದಿದ್ದರೂ ಸರಿ, ಬೇರೆ ಯಾರದಾದರೂ ಒಳ್ಳೆಯ ಮರಿ ಹುಡುಕಿ ಕೊಡು ಎಂದಿದ್ದ ಗುತ್ತಿಗೆದಾರ, ಇನ್ನು ಬೇಡ, ತನ್ನ ತಾಯಿಗೆ ನಾಯಿಯ ಕೂದಲು ಆಗುವುದಿಲ್ಲ ಎಂದ. ಗಿರಿಯಪ್ಪ ಸುಳ್ಳು ಹೇಳಲಿಲ್ಲ. ಗ್ಯಾರೇಜಿಗೇ ಬಂದ. ನಿನ್ನ ಮೇಲೆ ಸಂಶಯವಿಲ್ಲ ತಂಗಿ, ಆದರೆ ನಿಮ್ಮ ಕಡೆಯಿಂದ ಯಾವ ಮರಿ ತಂದರೂ ಊರಲ್ಲಿ ನಾಲ್ಕು ಮಂದಿ ಮಾತಾಡುತ್ತಾರೆ, ಈಗಿನ ಕಾಲ ಗೊತ್ತಲ್ಲ ಎಂದ. ಬಿಬಿಜಾನಳಿಗೆ ಶಂಭುಲಿಂಗನ ಸುಳ್ಳಿಗಿಂತ ಆ ಖರೇ ಮಾತೇ ಹೆಚ್ಚು ಚುಚ್ಚಿತು.

ಹತ್ತನೆಯ ದಿನ ಸುರಮಿ ಗಂಜಿ ನೆಕ್ಕಿತು. ಹಿಂಗಾಲು ಅದರ ಮಾತು ಕೇಳುತ್ತಿರಲಿಲ್ಲ, ಆದರೆ ಉಳಿಯಿತು. ದೊಡ್ಡದಾಗಿ ಮರಿ ಹಾಕುವಷ್ಟು ಶಕ್ತಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

ತಿಂಗಳ ಮೇಲೆ ಮಾಳಮಡ್ಡಿಯ ಕಾರು ಮತ್ತೆ ಗ್ಯಾರೇಜಿನ ಮುಂದೆ ನಿಂತಿತು. ಶಂಭುಲಿಂಗ ಒಬ್ಬನೇ ಇಳಿದ. ಸ್ಟೂಲಿನ ಮೇಲೆ ತಾನೇ ಕೂತ. ಈ ಸಲ ಚಹಾ ಕೊಟ್ಟರೆ ಕುಡಿಯುತ್ತೇನೆ ಎಂಬಂತೆ ಸುತ್ತ ನೋಡಿದ. ಬಿಬಿಜಾನ ಚಹಾ ತರಲಿಲ್ಲ.

"ಹೆಣ್ಣಮರಿ ಉಳದೈತಂತಲ್ಲ."

"ಉಳದೈತ್ರಿ."

ಅವನು ವಿಷಯ ಬಿಚ್ಚಿದ. ಬೇರೆ ಕಡೆಯಿಂದ ತಂದ ಮರಿಯೂ ಒಂದು ವಾರದಲ್ಲಿ ಸತ್ತಿತು. ಹೆಂಡತಿ ಊಟ ಬಿಟ್ಟಿದ್ದಾಳೆ. ರೋಗ ಮನೆಯ ನೆಲದಲ್ಲೇ ಕೂತಿದೆ, ಒಂದು ವರ್ಷ ಹೋಗುವುದಿಲ್ಲ, ಅದೇ ರೋಗ ಬಂದು ಬದುಕಿದ ಮರಿಯಾದರೆ ಮಾತ್ರ ಆ ಮನೆಯಲ್ಲಿ ತಾಳುತ್ತದೆ ಎಂದು ಅವನ ಡಾಕ್ಟರು ಹೇಳಿದ್ದರು. ಹತ್ತಿಯ ದರ ಹೇಳಿದಷ್ಟೇ ಸಲೀಸಾಗಿ ಹೇಳಿದ. ಎಷ್ಟು ಬೇಕಾದರೂ ಕೇಳು, ಕೊಡುತ್ತೇನೆ ಎಂದ.

ಬಿಬಿಜಾನ ಅವನ ಮಾತು ಪೂರ್ತಿ ಮುಗಿಯಲು ಬಿಟ್ಟಳು.

"ಅಂದ್ರ ಬ್ಯಾನಿ ನಿಮ್ಮ ಮನ್ಯಾಗ ಇತ್ತು."

ಶಂಭುಲಿಂಗ ಯಾಕೂಬಸಾಬನ ಕಡೆ ನೋಡಿದ. ಯಾಕೂಬಸಾಬ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಡಲಿಲ್ಲ.

"ಆಗಿದ್ದ ಆಗಿಹೋತು. ಈಗ ಅದನ್ನ ಕೆದರಿ ಏನ ಮಾಡೂದೈತಿ."

"ಗುಂಪಿನ್ಯಾಗ ಬರೀರಿ. ಆಮ್ಯಾಲ ಮಾತಾಡೂಣು."

ಅವನು ಫೋನು ತೆಗೆದು ಬೆರಳಾಡಿಸಿದ, ಕಳಿಸುವ ಮೊದಲು ಯಾಕೂಬಸಾಬನಿಗೆ ತೋರಿಸಿದ. ಯಾಕೂಬಸಾಬ ಗಟ್ಟಿಯಾಗಿ ಓದಿದ: ಬೆಂಗೇರಿಯ ಮರಿಗಳು ಈಗ ಆರೋಗ್ಯವಾಗಿವೆ, ನಾವೇ ಒಂದು ತೆಗೆದುಕೊಳ್ಳುತ್ತಿದ್ದೇವೆ. ಓದಿ ಹೆಂಡತಿಯ ಮುಖ ನೋಡಿದ. ಇಷ್ಟಾದರೂ ಆಯಿತಲ್ಲ ಎಂಬ ಆಸೆ ಅವನ ಕಣ್ಣಲ್ಲಿತ್ತು. ಗ್ಯಾರೇಜಿಗೂ ಆ ತಿಂಗಳು ಗಿರಾಕಿ ಕಡಿಮೆಯಾಗಿದ್ದರು.

"ಮರಿಗಳು ಅಂತ ಬರದೀರಿ," ಎಂದಳು ಬಿಬಿಜಾನ. "ಮರಿಗಳು ಎಲ್ಲಿ ಅದಾವು? ಮೂರು ಹಿತ್ತಲ ಮಣ್ಣಾಗ ಅದಾವು. ನಿಮ್ಮ ಮನ್ಯಾಗ ಸತ್ತಿದ್ದು ಬರೀರಿ, ನಾ ಬಂದು ಕೇಳಿದಾಗ ಇಲ್ಲಂದಿದ್ದು ಬರೀರಿ."

ಶಂಭುಲಿಂಗ ಫೋನನ್ನು ಕಿಸೆಗೆ ಹಾಕಿಕೊಂಡ. ಆಗ ಅವಳಿಗೆ ಕಾರಿನಲ್ಲಿ ಕೂತಿದ್ದವನು ಕಾಣಿಸಿದ. ಹೊಸ ಮುಖ.

"ದ್ಯಾಮಣ್ಣ ಎಲ್ಲಿ?"

"ತಗದೇವಿ. ಮನಿ ಮಾತ ಹೊರಗ ಹೇಳೂ ಮನಶಾ ನಮಗ ಬೇಕಾಗಿಲ್ಲ."

ಬಿಬಿಜಾನ ಒಳಗೆ ಹೋಗಲಿಲ್ಲ, ಕೂಗಾಡಲೂ ಇಲ್ಲ. ಮರಿ ಮಾರುವುದಕ್ಕಲ್ಲ ಎಂದಳು. ಅವನು ದರ ಏರಿಸಿದ. ಅವಳು ಅದನ್ನೇ ಮತ್ತೊಮ್ಮೆ ಹೇಳಿದಳು. ಇನ್ನು ಮುಂದೆ ನಿನ್ನ ಬಾಗಿಲಿಗೆ ಯಾರು ಬರುತ್ತಾರೋ ನೋಡುತ್ತೇನೆ ಎಂದು ಅವನು ಎದ್ದ. ಕಾರು ಹಿಂದಕ್ಕೆ ಸರಿದು, ರಸ್ತೆಯ ದೂಳೆಬ್ಬಿಸಿ ಹೋಯಿತು.

ಯಾಕೂಬಸಾಬ ಒಂದೇ ನಟ್ಟನ್ನು ಒರೆಸುತ್ತ ಕೂತ. ಆ ದುಡ್ಡು ಬಿಡಬಾರದಿತ್ತು ಎಂಬುದು ಅವನ ಮನಸ್ಸಿನಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಸುರಮಿಯನ್ನು ಮಡಿಲಿಗೆ ಎತ್ತಿಕೊಂಡಳು. ಅದರ ಪಕ್ಕೆಲುಬುಗಳು ಒಂದೊಂದಾಗಿ ಕೈಗೆ ತಾಗುತ್ತಿದ್ದವು.

"ದ್ಯಾಮಣ್ಣನ ನಂಬರ್ ಐತೇನ್ರಿ ನಿಮ್ಮ ಕಡೆ?"

ಇತ್ತು. ಅವನು ಫೋನು ಹಚ್ಚಿ ಕಿವಿಗೆ ಹಿಡಿದ, ಇಳಿಸಿದ. ಸ್ವಿಚ್ ಆಫ್ ಬರುತ್ತಿದೆ ಎಂದ. ನಮ್ಮ ಹತ್ತಿರ ಅವನಿಗೆ ಕೊಡಲು ಯಾವ ಕೆಲಸ ಇದೆ, ಕರೆದು ಏನು ಹೇಳುತ್ತೀ ಎಂದೂ ಕೇಳಿದ.

ಏನು ಹೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ.

"ಇನ್ನೊಮ್ಮೆ ಹಚ್ರಿ," ಎಂದಳು.