ನೈಟಿಯ ಅಂಚಿನಲ್ಲಿ ಹನ್ನೆರಡು ಬಿಲ್ಲೆ

ಬಚ್ಚಲುಮನೆಯ ಸಂಗತಿಯನ್ನು ನಾಲ್ಕು ಜನರ ಮುಂದೆ ಆಡಬಾರದು ಎಂದು ದೊಡ್ಡವರು ಹೇಳಿಕೊಟ್ಟಿದ್ದಾರೆ. ಅದರಲ್ಲೂ ಇದು ಒಬ್ಬ ಹೆಂಗಸಿನ ತೂಕದ ವಿಷಯ. ಯಂತ್ರಗಳ ಬಗ್ಗೆ ನನ್ನ ತಿಳಿವಳಿಕೆಯೂ ಅಷ್ಟಕ್ಕಷ್ಟೆ. ಹೇಳುವ ಧೈರ್ಯ ಮಾಡಿದ್ದಕ್ಕೆ ಕ್ಷಮಿಸಿ, ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಆ ಯಂತ್ರವನ್ನೂ ಸೇರಿಸಿ. ಅದಕ್ಕೇ ಹೇಳಬೇಕು ಅನ್ನಿಸಿತು.

ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಚಿನಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷದಿಂದ ಅವಳ ಕೆಲಸ ಒಂದೇ, ಪರದೆಯ ಕೆಳಅಂಚು ಮಡಿಸಿ ಹೊಲಿಯುವುದು. ನೋಡಿದವರಿಗೆ ಅದೇನು ಮಹಾ ಅನ್ನಿಸಬಹುದು. ಆದರೆ ಪರದೆ ನೆಟ್ಟಗೆ ಇಳಿಬೀಳುವುದು ಅಂಚಿನ ದಯೆಯಿಂದ. ಅಂಚಿನ ಮಡಿಕೆಯೊಳಗೆ ಗೇಣಿಗೊಂದರಂತೆ ಸೀಸದ ಬಿಲ್ಲೆ ಇಟ್ಟು ಹೊಲಿಯಬೇಕು. ಆ ಭಾರಕ್ಕೆ ಬಟ್ಟೆ ನಿಲ್ಲುತ್ತದೆ, ಗಾಳಿಗೆ ಹಾರಾಡುವುದಿಲ್ಲ. ಬಿಲ್ಲೆ ಒಂದು ಬೆರಳಷ್ಟು ಆಚೀಚೆ ಆದರೂ ಪರದೆ ಸೊಟ್ಟ ನಗುತ್ತದೆ ಎಂದು ಅವಳು ಹೇಳುತ್ತಿದ್ದಳು.

ಆ ವರ್ಷ ಅವಳಿಗೆ ಎದೆಯ ಕಾಯಿಲೆ ಬಂತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಮೈ ಅರ್ಧ ಆಗಿತ್ತು. ನಲವತ್ತೈದು ಕಿಲೋ. ಹೊರಡುವ ದಿನ ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದರು: "ದಿನಾ ಬೆಳಿಗ್ಗೆ ತೂಕ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ನಲವತ್ಮೂರಕ್ಕಿಂತ ಕೆಳಗೆ ಇಳಿದರೆ ಕೆಲಸ ಬಿಡಿಸಿ, ತಿಂಗಳು ವಿಶ್ರಾಂತಿ. ಒಂದೇ ದಿನಕ್ಕೆ ಕಿಲೋಗಿಂತ ಜಾಸ್ತಿ ಏರಿದರೆ ಅದು ಇನ್ನೂ ಅಪಾಯ. ಮೈಯಲ್ಲಿ ನೀರು ನಿಲ್ತಿದೆ ಅಂತ ಅರ್ಥ. ಒಂದು ಗಳಿಗೆಯೂ ತಡ ಮಾಡದೆ ಕರ್ಕೊಂಡು ಬನ್ನಿ."

ಅಂಚಿನಮ್ಮ ಆಗ ಅಡ್ಡಪರದೆಯ ಆಚೆ ಬಟ್ಟೆ ಹಾಕಿಕೊಳ್ಳುತ್ತಿದ್ದಳು. ಇಳಿಯುವ ಮಾತು ಕಿವಿಗೆ ಬಿತ್ತು. ಏರುವ ಮಾತು ಬೀಳಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಆ ಪರದೆಯ ಅಂಚಿನ ಮೇಲೆ ಹೋಗಿತ್ತು. 'ಯಾವ ಪುಣ್ಯಾತ್ಮ ಹೊಲಿದನೋ, ಒಂದು ಕಡೆ ಎರಡು ಬೆರಳು ಗಿಡ್ಡ' ಎಂದು ಅದನ್ನೇ ಹಿಡಿದು ನೋಡುತ್ತ ನಿಂತಿದ್ದಳು.

ಮಗಳು ಬಸ್ ಡ್ರೈವರು. ಡಿಪೋದಲ್ಲಿ ಅವಳಿಗೆ 'ಗಡಿಯಾರ' ಎಂದು ಹೆಸರು, ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಬಂಡಿ ತಡ ಮಾಡಿದವಳಲ್ಲ. ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಾಳೆ, ಅಮ್ಮ ಏಳುವುದು ಆರೂವರೆಗೆ. ಅಮ್ಮನ ತೂಕವನ್ನು ನೋಡುವವರು ಯಾರು? ಪುಸ್ತಕದಲ್ಲಿ ಅಮ್ಮ ಏನು ಬೇಕಾದರೂ ಬರೆದಾಳು, ಆ ಗುಣ ಮಗಳಿಗೆ ಗೊತ್ತು. ಅದಕ್ಕೆ ಅವಳು ಫೋನಿಗೆ ಸುದ್ದಿ ಕಳಿಸುವ ತೂಕದ ಯಂತ್ರ ತಂದಳು. ಚಪ್ಪಟೆ ಗಾಜು, ಬಚ್ಚಲಿನ ಬಾಗಿಲ ಹಿಂದೆ ಇಟ್ಟಳು.

"ತೂಕ ನೋಡೋಕೆ ಕಣ್ಣು ಸಾಲದೇನೇ? ಫೋನ್ ಯಾಕೆ?"

"ನಿನ್ನ ಕಣ್ಣು ಸಾಲುತ್ತಮ್ಮ. ನನ್ನ ಕಣ್ಣು ಆ ಹೊತ್ತಿಗೆ ಏಳು ಮೈಲಿ ಆಚೆ ಇರುತ್ತೆ."

"ನಾನು ಬಚ್ಚಲಿಂದ ಹೊರಗೆ ಬರೋದರೊಳಗೆ ನನ್ನ ತೂಕ ಬಸ್ ಸ್ಟ್ಯಾಂಡಿಗೆ ಹೋಗಿರುತ್ತೆ ಅನ್ನು. ಡಂಗುರ ಹೊಡೆಸಿಬಿಡು."

"ನನಗೊಬ್ಬಳಿಗೇ ಬರೋದು."

"ಸ್ನಾನದ ಮನೇಲೂ ಒಬ್ಬ ಚಾಡಿಕೋರ ಬೇಕಿತ್ತೆ ನಮಗೆ!"

ಅಂದಿನಿಂದ ಯಂತ್ರದ ಹೆಸರು ಚಾಡಿಕೋರ. ಬೈದುಕೊಂಡೇ ಅವಳು ದಿನಾ ಅದರ ಮೇಲೆ ನಿಲ್ಲುತ್ತಿದ್ದಳು. ಏಳು ಗಂಟೆಗೆ ಬಸ್ಸು ಕೊನೆಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಆಗ ಮಗಳು ಫೋನ್ ನೋಡಿ, ಒಂದು ಉಸಿರು ಬಿಟ್ಟು, ಮತ್ತೆ ಹೊರಡುತ್ತಿದ್ದಳು.

ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನಿಗೆ ಕತ್ತರಿ ಅಣ್ಣ ಎಂದು ಹೆಸರು. ಅವನು ಈ ಕತೆ ಕೇಳಿ ನಕ್ಕ. "ನಿಮ್ಮದೇ ವಾಸಿ ಅಂಚಿನಮ್ಮ. ನಮ್ಮ ಮನೇಲಿ ಹಲ್ಲುಜ್ಜೋ ಬ್ರಷ್ಷೂ ಫೋನಿಗೆ ಹೇಳುತ್ತೆ. ಮೊನ್ನೆ ಎಡಗಡೆ ದವಡೆ ಸರಿಯಾಗಿ ಉಜ್ಜಿಲ್ಲ ಅಂತ ಬೈಸ್ಕೊಂಡೆ."

"ಯಾರ ಹತ್ರ?"

"ಬ್ರಷ್ ಹತ್ರ."

"ಉಜ್ಜಿದ್ಯೋ ಇಲ್ವೋ?"

"ಉಜ್ಜಿದೆ. ಹತ್ತು ವರ್ಷದಿಂದ ಹೆಂಡತಿ ಹೇಳ್ತಿದ್ಲು, ಆಗ ಉಜ್ಜಿರಲಿಲ್ಲ."

ಎಲ್ಲರೂ ನಕ್ಕರು. ಅಂಚಿನಮ್ಮನೂ ನಕ್ಕಳು. ಆದರೆ ಅವಳ ಮನಸ್ಸು ಆಗಲೇ ಬೇರೆ ಕಡೆ ಇತ್ತು. ಊರಿನ ನಾಟಕಮಂದಿರಕ್ಕೆ ಹೊಸ ಪರದೆ ಬೇಕೆಂದು ಕೇಳಿದ್ದರು. ಕೆಂಪು ಮಖಮಲ್ಲು, ಮೂವತ್ತಾರು ಅಡಿ ಅಗಲ. ಇಂಥ ಪರದೆ ಅವಳ ಕೈಗೆ ಹಿಂದೆ ಬಂದಿರಲಿಲ್ಲ, ಅರವತ್ತನಾಲ್ಕು ದಾಟಿದವಳಿಗೆ ಮುಂದೆ ಬರುವ ನಂಬಿಕೆಯೂ ಇರಲಿಲ್ಲ. ಮನೆಯ ಕಿಟಕಿಗಳಿಗೆ ಹೊಲಿದ ಪರದೆಗಳನ್ನು ಯಾರು ತಲೆಯೆತ್ತಿ ನೋಡುತ್ತಾರೆ? ಇದು ಏಳುವಾಗ, ಇಳಿಯುವಾಗ, ಊರೆಲ್ಲ ನೋಡುತ್ತದೆ. ಅಂಚು ಮುಗಿಯಲು ಇನ್ನೂ ಎಂಟು ದಿನದ ಕೆಲಸ ಇತ್ತು. ಅಷ್ಟರಲ್ಲಿ ತೂಕ ನಲವತ್ಮೂರರ ಕೆಳಗೆ ಇಳಿದರೆ ಮಗಳು ಮನೆಯಲ್ಲಿ ಕೂರಿಸುತ್ತಾಳೆ, ಬೇರೆ ಯಾರೋ ಅಂಚು ಮುಗಿಸುತ್ತಾರೆ.

ಸೋಮವಾರ ನಲವತ್ಮೂರು ಪಾಯಿಂಟ್ ಮೂರು. ಮಂಗಳವಾರ ಪಾಯಿಂಟ್ ಎರಡು. ಬುಧವಾರ ಸರಿಯಾಗಿ ನಲವತ್ಮೂರು. ಅವಳು ಊಟ ಬಿಟ್ಟಿರಲಿಲ್ಲ, ಆದರೆ ಎರಡು ತುತ್ತಿಗೇ ಹೊಟ್ಟೆ ಸಾಕು ಅನ್ನುತ್ತಿತ್ತು.

ಬುಧವಾರ ಸಂಜೆ ಹೊರಡುವಾಗ ಕಾರ್ಖಾನೆಯ ಯಜಮಾನಿಯ ಮುಂದೆ ನಿಂತಳು. "ಒಂದು ಪೊಟ್ಟಣ ಬಿಲ್ಲೆ ಮನೆಗೆ ತಗೊಂಡು ಹೋಗ್ಲಾ ಯಜಮಾನೀ? ಮನೇಲೊಂದು ಪರದೆ ಸರಿಯಾಗಿ ನಿಲ್ತಿಲ್ಲ. ಆಮೇಲೆ ವಾಪಸ್ ತರ್ತೀನಿ."

"ನೀವು ಕೇಳಬೇಕೆ ಅಂಚಿನಮ್ಮ, ತಗೊಂಡು ಹೋಗಿ" ಅಂದಳು ಯಜಮಾನಿ.

ಅವು ನಾಟಕಮಂದಿರದ ಪರದೆಯ ಬಿಲ್ಲೆಗಳು, ದಪ್ಪನೆಯವು. ಪೊಟ್ಟಣಕ್ಕೆ ಹನ್ನೆರಡು. ಏಳು ತೂಗಿದರೆ ಒಂದು ಕಿಲೋ ಆಗುತ್ತದೆ. ಅರ್ಧ ಕಿಲೋ ಸಾಕು, ಅಂದರೆ ನಾಲ್ಕು ಬಿಲ್ಲೆ. ದಾರಿಯುದ್ದಕ್ಕೂ ಅವಳು ಅದನ್ನೇ ಹೇಳಿಕೊಂಡು ಬಂದಳು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಕಣೋ ಚಾಡಿಕೋರ.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು, ಬೆಳಿಗ್ಗೆ ಹಾಕಿಕೊಳ್ಳುವ ಅಗಲ ಸುತ್ತಿನ ನೈಟಿಯ ಅಂಚು ಬಿಚ್ಚಿದಳು. ನೆಲ ಮುಟ್ಟಿದ ಸೀಸ ತೂಗುವುದಿಲ್ಲ ಎಂದು ಮೊದಲು ಅಂಚನ್ನು ನಾಲ್ಕು ಬೆರಳು ಮೇಲೆತ್ತಿದಳು. ಮುಂದುಗಡೆ ನಾಲ್ಕು ಬಿಲ್ಲೆ ಇಟ್ಟು ಹೊಲಿದಳು. ಹಾಕಿಕೊಂಡು ಕನ್ನಡಿಯಲ್ಲಿ ನೋಡಿದಳು. ಮುಂದೆ ಜೋತುಬಿದ್ದಿದೆ, ಹಿಂದೆ ಎತ್ತಿಕೊಂಡಿದೆ. ಥೂ! ಯಾರು ನೋಡುವುದಿದೆ, ಬಚ್ಚಲುಮನೆಯಲ್ಲಿ ಎರಡು ನಿಮಿಷದ ಮಾತು ಎಂದುಕೊಂಡು ಮಲಗಲು ಹೋದವಳು ಮತ್ತೆ ಎದ್ದಳು. ಮೂವತ್ತೆಂಟು ವರ್ಷದ ಕೈ, ಒಪ್ಪಬೇಕಲ್ಲ. ಎಲ್ಲ ಬಿಚ್ಚಿ ಸುತ್ತಲೂ ಗೇಣಿಗೊಂದರಂತೆ ಇಟ್ಟಳು, ಎರಡು ಪಕ್ಕದ ಹೊಲಿಗೆ ಸೇರುವಲ್ಲಿ ಒಂದೊಂದು ಹೆಚ್ಚು. ಪೊಟ್ಟಣ ಖಾಲಿಯಾಯಿತು. ನೈಟಿ ಈಗ ಗಂಟೆಯ ಹಾಗೆ ನೆಟ್ಟಗೆ ನಿಂತಿತು. ಅವಳ ತಲೆ ಪೂರ್ತಿ ಹೊಲಿಗೆಯಲ್ಲಿತ್ತು. ನಾಲ್ಕು ಎಂಬ ಲೆಕ್ಕ ಎಲ್ಲೋ ದಾರಿಯಲ್ಲೇ ಬಿದ್ದುಹೋಗಿತ್ತು.

ಗುರುವಾರ ಬೆಳಿಗ್ಗೆ ಚಾಡಿಕೋರನ ಮೇಲೆ ನಿಂತಳು. ನಲವತ್ನಾಲ್ಕು ಪಾಯಿಂಟ್ ಆರು. ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿತು. ಜಾಸ್ತಿಯಾದರೆ ಮಗಳಿಗೆ ಖುಷಿಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು, ಬಟ್ಟೆ ಬದಲಿಸಿ ಕೆಲಸಕ್ಕೆ ಹೋದಳು. ಅವತ್ತು ಕೈ ಗಾಳಿಯ ಹಾಗೆ ಓಡುತ್ತಿತ್ತು.

ಎಂಟೂವರೆ ಇರಬಹುದು. ಕಾರ್ಖಾನೆಯ ಬಾಗಿಲು ದಡಾರನೆ ತೆರೆಯಿತು. ಯೂನಿಫಾರಂನಲ್ಲೇ ಮಗಳು. ಮುಖದಲ್ಲಿ ರಕ್ತವಿಲ್ಲ.

"ಅಮ್ಮಾ! ಉಸಿರು ಕಟ್ತಿದೆಯಾ?"

"ಇಲ್ವಲ್ಲೇ. ಬಸ್ಸು ಎಲ್ಲಿ?"

ಮಗಳು ನೆಲಕ್ಕೆ ಮಂಡಿಯೂರಿ ಅಮ್ಮನ ಪಾದವನ್ನು ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳಿಂದ ಕಣಕಾಲು ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡಿದಳು. ಇನ್ನೊಂದು ಕಾಲನ್ನೂ ಒತ್ತಿದಳು.

"ಫೋನು ಕೆಂಪಗೆ ಹೊಡ್ಕೋತಾ ಇತ್ತು. ಒಂದೇ ದಿನಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ. ಮೈಯಲ್ಲಿ ನೀರು ನಿಲ್ತಿದೆ ಅಮ್ಮ, ಡಾಕ್ಟರ್ ಅವತ್ತೇ ಹೇಳಿದ್ರು. ಬದಲಿ ಡ್ರೈವರಿಗೆ ಬಂಡಿ ಕೊಟ್ಟು ಬಂದೆ. ನಿನ್ನ ಫೋನಿಗೆ ಹತ್ತು ಸಲ ಮಾಡಿದೆ."

"ಅದು ಚೀಲದಲ್ಲಿದೆ..."

"ಡಾಕ್ಟರ್ ಕಾಯ್ತಿದ್ದಾರೆ. ಹೋದ ತಕ್ಷಣ ನೀರು ಇಳಿಯೋ ಇಂಜೆಕ್ಷನ್ ಕೊಡ್ತಾರಂತೆ. ಏಳು. ಆಟೋ ನಿಲ್ಲಿಸಿದೀನಿ."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಕತ್ತರಿ ಅಣ್ಣ, ಯಜಮಾನಿ, ಎಲ್ಲರೂ ನೋಡುತ್ತಿದ್ದರು. ಬಾಯಿ ಬಿಟ್ಟರೆ ಮೂವತ್ತೆಂಟು ವರ್ಷದ ಮರ್ಯಾದೆಯೂ ಹೋಗುತ್ತದೆ, ಪರದೆಯೂ ಹೋಗುತ್ತದೆ. ಸುಮ್ಮನೆ ಆಟೋ ಹತ್ತಿದರೆ? ಮಗಳ ಹಣೆಯ ಬೆವರು ಮೂಗಿನ ತುದಿಯಿಂದ ಅಮ್ಮನ ಪಾದದ ಮೇಲೆ ಬಿತ್ತು.

"ನೀರಲ್ಲ ಕಣೇ" ಅಂದಳು ಅಂಚಿನಮ್ಮ. "ಸೀಸ."

"ಏನು?"

"ನೈಟಿ ಅಂಚಿಗೆ ಬಿಲ್ಲೆ ಹೊಲ್ಕೊಂಡಿದ್ದೆ. ಹನ್ನೆರಡು."

ಕತ್ತರಿ ಅಣ್ಣನ ಬಾಯಿಂದ ನಗು ಹೊರಬಿತ್ತು. ಯಜಮಾನಿ ಕಣ್ಣು ಬಿಟ್ಟದ್ದಕ್ಕೆ ಅದನ್ನು ಅರ್ಧಕ್ಕೇ ನುಂಗಿದ. ಮಗಳು ನಗಲಿಲ್ಲ. ಮಖಮಲ್ಲಿನ ಸುರುಳಿಯ ಮೇಲೆ ಕುಸಿದು ಕೂತಳು.

"ಮೂವತ್ತು ಜನ ಕೂತಿದ್ರು ಬಸ್ಸಲ್ಲಿ" ಅಂದಳು. "ನೀನು ಬಚ್ಚಲಲ್ಲಿ ಬಿದ್ದಿದೀಯ ಅಂದ್ಕೊಂಡು ಮೊದಲು ಮನೆಗೆ ಓಡಿದೆ. ಬಾಗಿಲು ಬೀಗ ಹಾಕಿತ್ತು. ಬೀಗ ನೋಡಿ ಎಷ್ಟು ಸಂತೋಷ ಆಯ್ತು ಗೊತ್ತಾ? ಬೀಗ ನೋಡಿ!"

"ನೀನು ಹೆದರಬಾರದು ಅಂತ ಹೊಲಿದೆ ಪುಟ್ಟೀ."

ಮಗಳು ತಲೆಯೆತ್ತಿ ನೋಡಿದಳು.

"ಸುಳ್ಳು" ಅಂದಳು ಅಂಚಿನಮ್ಮ. "ಈ ಪರದೆಗೋಸ್ಕರ ಹೊಲಿದೆ."

"ಇಂಜೆಕ್ಷನ್ ಕೊಟ್ಟುಬಿಟ್ಟಿದ್ರೆ? ಇಲ್ಲದ ನೀರು ಇಳಿಸೋಕೆ?"

ಮಗಳು ಎದ್ದು ಹೊರಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದಳು, ಆಟೋದವನನ್ನು ಕಳಿಸಿದಳು. ಒಳಗೆ ಬಂದು ಮೂಲೆಯಲ್ಲಿದ್ದ ಬಟ್ಟೆ ಮೂಟೆ ತೂಗುವ ಮುಳ್ಳಿನ ತಕ್ಕಡಿ ತೋರಿಸಿದಳು.

"ಹತ್ತು."

ಅಂಚಿನಮ್ಮ ಚಪ್ಪಲಿ ಬಿಟ್ಟು ಹತ್ತಿದಳು. ಎಲ್ಲರೂ ಬಗ್ಗಿದರು. ಮುಳ್ಳು ನಲವತ್ಮೂರರ ಹತ್ತಿರ ಬಂದು, ಕೂದಲೆಳೆಯಷ್ಟು ಈಚೆಗೇ ನಿಂತಿತು. ಇದು ಯಾರ ಫೋನಿಗೂ ಹೇಳುವ ಯಂತ್ರವಲ್ಲ. ಆದರೂ ಎಲ್ಲರಿಗೂ ಗೊತ್ತಾಯಿತು.

ತಕ್ಕಡಿ ಇಳಿದವಳು ತನ್ನ ಜಾಗಕ್ಕೆ ಹೋಗಿ ಸೂಜಿಯನ್ನು ಸೂಜಿದಿಂಬಿಗೆ ಚುಚ್ಚಿಟ್ಟಳು. ಬೆರಳಿನ ಟೋಪಿ ಕಳಚಿ ಪಕ್ಕದಲ್ಲಿಟ್ಟಳು. ಕೆಂಪು ಬಟ್ಟೆಯ ಮೇಲೆ ಒಂದು ಸಲ ಅಂಗೈ ಆಡಿಸಿದಳು. ಹಟ ಮಾಡಲಿಲ್ಲ. ಹಟ ಮಾಡಿದ್ದರೆ ಮಗಳು ಅವಳ ಕೈ ಹಿಡಿದು ಎಳೆದುಕೊಂಡೇ ಹೋಗುತ್ತಿದ್ದಳೇನೋ.

"ಎಷ್ಟು ದಿನದ ಕೆಲಸ ಇದೆ ಇದು?" ಮಗಳು ಕೇಳಿದಳು.

"ಐದು ದಿನ" ಅಂದಳು ಅಂಚಿನಮ್ಮ. ಆಮೇಲೆ, "ಏಳು."

"ಅರ್ಧ ದಿನ ಮಾಡಿದ್ರೆ?"

"ಹದಿನಾಲ್ಕು."

"ಊಟ ನನ್ನ ಕಣ್ಮುಂದೆ" ಅಂದಳು ಯಜಮಾನಿ ನಡುವೆ ಬಾಯಿ ಹಾಕಿ. "ತಟ್ಟೆ ಖಾಲಿ ಆಗೋವರೆಗೆ ದಾರ ಕೊಡಲ್ಲ. ಪರದೆ ಕಾಯುತ್ತೆ, ನಾಟಕದವರ ಹತ್ರ ನಾನು ಮಾತಾಡ್ತೀನಿ."

"ಡಾಕ್ಟರ್ ಒಪ್ಪಿದ್ರೆ ಮಾತ್ರ" ಅಂದಳು ಮಗಳು. "ಇನ್ನೊಂದು ಗ್ರಾಂ ಇಳಿದರೂ ಮನೆ. ಸರಿನಾ?" ಅಮ್ಮ ತಲೆಯಾಡಿಸಿದಳು. "ತೂಕ ನೋಡೋದು ನನ್ನ ಮುಂದೆ. ನಾಲ್ಕೂವರೆಗೆ ಏಳಬೇಕು."

"ಏಳ್ತೀನಿ. ನಿದ್ದೆ ಯಾರಿಗೆ ಬರುತ್ತೆ."

ಮಧ್ಯಾಹ್ನ ಡಾಕ್ಟರು ಬೈದರು, ಮಾತ್ರೆ ಬದಲಿಸಿದರು, ಕೊನೆಗೆ ಅರ್ಧ ದಿನಕ್ಕೆ ಒಪ್ಪಿದರು. ಮರುದಿನದಿಂದ ನಾಲ್ಕೂವರೆಗೆ ಬಚ್ಚಲುಮನೆಯ ದೀಪ ಹತ್ತತೊಡಗಿತು. ಅಮ್ಮ ಯಂತ್ರದ ಮೇಲೆ, ಮಗಳು ಬಾಗಿಲಲ್ಲಿ, ಕೈಯಲ್ಲಿ ಎರಡು ಲೋಟ ಟೀ. ಅಂಕಿಯನ್ನು ಇಬ್ಬರೂ ಕಣ್ಣಾರೆ ನೋಡುತ್ತಿದ್ದರು. ಅದಾದ ಮೇಲೆ ಮಗಳ ಜೇಬಿನಲ್ಲಿ ಫೋನು ಟಿಣ್ ಎನ್ನುತ್ತಿತ್ತು. ಎರಡು ಅಡಿ ದೂರದ ಸುದ್ದಿ ಯಾವ ಲೋಕ ಸುತ್ತಿ ಬರುತ್ತಿತ್ತೋ! "ಬಂತು ನೋಡು, ಚಾಡಿ" ಎಂದು ಅಮ್ಮ ದಿನಾ ಅನ್ನುತ್ತಿದ್ದಳು. ಮಗಳು ಫೋನಿಗೆ ಬರುವ ಆ ಸುದ್ದಿಯನ್ನು ನಿಲ್ಲಿಸಲಿಲ್ಲ.

ಪರದೆ ಮುಗಿಯಿತು. ನಾಟಕಮಂದಿರದಲ್ಲಿ ಅದನ್ನು ಮೊದಲ ಸಲ ಇಳಿಸಿದಾಗ ಅಂಚು ಹಲಗೆಯ ಮೇಲೆ ಗೆರೆ ಎಳೆದ ಹಾಗೆ ನಿಂತಿತಂತೆ. ಅವಳ ತೂಕ ಆಗ ನಲವತ್ಮೂರು ಪಾಯಿಂಟ್ ಎರಡು.

ಆ ಯಂತ್ರಕ್ಕೆ ಫೋನು ಬೇಕಿತ್ತೇ ಎಂದು ಕೇಳಿದರೆ ನಾನು ಹೇಳಲಾರೆ. ಫೋನು ಇಲ್ಲದಿದ್ದರೆ ಅವಳು ಸೀಸ ಹೊಲಿಯುತ್ತಿರಲಿಲ್ಲ, ಪುಸ್ತಕದಲ್ಲಿ ಸುಳ್ಳು ಬರೆಯುತ್ತಿದ್ದಳು. ಆ ಸುಳ್ಳಿಗೆ ಯಾರೂ ಓಡಿ ಬರುತ್ತಿರಲಿಲ್ಲ. ಇಷ್ಟು ಮಾತ್ರ ಗೊತ್ತು. ಇನ್ನೊಂದು ಸಂಗತಿ ಗೊತ್ತಿಲ್ಲ. ನೈಟಿಯ ಅಂಚು ಬಿಚ್ಚಿ ಅವಳು ಯಜಮಾನಿಗೆ ವಾಪಸ್ ಕೊಟ್ಟದ್ದು ಹನ್ನೊಂದು ಬಿಲ್ಲೆ. ಹನ್ನೆರಡನೆಯದು ಎಲ್ಲಿ ಹೋಯಿತು ಎಂದು ಯಜಮಾನಿ ಕೇಳಲಿಲ್ಲ, ಅವಳು ಹೇಳಲಿಲ್ಲ, ನನಗೂ ತಿಳಿಯದು.